ಗೋಡೆಯ ಮಾಡದಲ್ಲೊಂದು ಪ್ರಸಾರ ಕೇಂದ್ರ

ಕೇಳುಗರಿಗೆ ನಮಸ್ಕಾರ.

ಈ ಮಾತು ಕೇಳುತ್ತಿರುವ ಹಿರಿಯರಲ್ಲಿ ಕೆಲವರಿಗಾದರೂ ರೇಡಿಯೊ ಲೈಸೆನ್ಸಿನ ನೆನಪು ಇದ್ದೀತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಹಣ ಕಟ್ಟಿ, ಸಣ್ಣ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತು. ನಮ್ಮ ಅಜ್ಜನ ಟ್ರಂಕಿನಲ್ಲಿ ಅಂಥದೊಂದು ಪುಸ್ತಕ ಇನ್ನೂ ಇದೆ. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಬರೀ ಕೇಳುವ ಪೆಟ್ಟಿಗೆಗೂ ಸರಕಾರದ ಕಾಗದ ಬೇಕಾಗಿದ್ದ ಕಾಲ ಅದು. ಇಂದು ವಿಜಯಪುರದ ಓಣಿಗಳಲ್ಲಿ, ಬಾಗಲಕೋಟೆಯ ನವನಗರದಲ್ಲಿ, ಬೆಳಗಾವಿಯ ಗಲ್ಲಿಗಳಲ್ಲಿ, ಮನೆಯ ಮಾಡದೊಳಗೆ ಹಸಿರು ದೀಪ ಮಿಣುಕಿಸುತ್ತ ಕುಳಿತಿರುವ ವೈಫೈ ರೂಟರ್ ಕೇಳುವ ಯಂತ್ರವಷ್ಟೇ ಅಲ್ಲ. ಅದು ರೇಡಿಯೊ ಅಲೆಗಳನ್ನು ಹೊರಡಿಸುವ ಯಂತ್ರ, ಅಂದರೆ ಒಂದು ಪುಟ್ಟ ಪ್ರಸಾರ ಕೇಂದ್ರ. ಆದರೂ ಅದನ್ನು ನಾವು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡಿದ್ದೇವೆ. ಈ ಸ್ವಾತಂತ್ರ್ಯ ಹೇಗೆ ಬಂತು, ಅದಕ್ಕೆ ಯಾವ ಕಟ್ಟುಪಾಡುಗಳಿವೆ, ಆ ಪೆಟ್ಟಿಗೆಯಿಂದ ನಿಜವಾದ ಅಪಾಯ ಎಲ್ಲಿದೆ ಎಂಬುದು ಇಂದಿನ ನನ್ನ ವಿಷಯ. ಇಪ್ಪತ್ತು ವರ್ಷಗಳಿಂದ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ ಬಂದ ನನಗೆ ಕಂಡಿರುವುದೇನೆಂದರೆ, ಜನ ಹೆದರುವ ಜಾಗದಲ್ಲಿ ಅಪಾಯ ಕಡಿಮೆ, ಹೆದರದೆ ಕೈಯಿಡುವ ಜಾಗದಲ್ಲಿಯೇ ಹೆಚ್ಚು.

ಮೊದಲು ಹೆದರಿಕೆಯ ಮಾತನ್ನೇ ಎತ್ತಿಕೊಳ್ಳೋಣ. ತೊಟ್ಟಿಲಿರುವ ಕೋಣೆಯಲ್ಲಿ ರೂಟರ್ ಇಡಬಹುದೇ ಎಂದು ಬಾಣಂತಿಯರ ಮನೆಯವರು ಕೇಳುತ್ತಾರೆ. ಅದು ಸಹಜವಾದ ಪ್ರಶ್ನೆ, ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು. ಮನೆಯ ರೂಟರ್ ಸಾಮಾನ್ಯವಾಗಿ 100 ಮಿಲಿವ್ಯಾಟ್ ಆಸುಪಾಸಿನ ಶಕ್ತಿಯಲ್ಲಿ ಅಲೆ ಬಿಡುತ್ತದೆ. ಅದು ಬಿಡುವಿಲ್ಲದೆ ಎಲ್ಲ ದಿಕ್ಕಿಗೂ ಬಿಡುತ್ತಿದೆ ಎಂದೇ ಹಿಡಿದರೂ ಒಂದು ಮೀಟರ್ ದೂರದಲ್ಲಿ ಚದರ ಮೀಟರಿಗೆ ಸಿಗುವುದು ಸುಮಾರು 8 ಮಿಲಿವ್ಯಾಟ್. ಎರಡು ಮೀಟರ್ ದೂರಕ್ಕೆ ಸರಿದರೆ ಅದು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿ ಈ ತರಂಗಾಂತರದಲ್ಲಿ ಜನಸಾಮಾನ್ಯರಿಗೆ ಇಟ್ಟಿರುವ ಮಿತಿ ಚದರ ಮೀಟರಿಗೆ 10 ವ್ಯಾಟ್. ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಗೋಪುರಗಳಿಗೆ ಆ ಮಿತಿಯನ್ನು ಹತ್ತರಲ್ಲೊಂದು ಪಾಲಿಗೆ, ಅಂದರೆ 1 ವ್ಯಾಟಿಗೆ ಇಳಿಸಿತು. ಮೀಟರ್ ದೂರದ ರೂಟರಿನ ಅಲೆ ಆ ಬಿಗಿಯಾದ ಮಿತಿಯ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ರೇಡಿಯೊ ಅಲೆಗಳನ್ನು "ಕ್ಯಾನ್ಸರ್ ತರಬಹುದಾದ ಸಾಧ್ಯತೆ" ಎಂಬ ವರ್ಗದಲ್ಲಿ ಇಟ್ಟಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದ್ದರಿಂದ ಅನೇಕ ರೂಟರುಗಳ ಕೈಪಿಡಿಯಲ್ಲಿ ಬರೆದಿರುವ 20 ಸೆಂಟಿಮೀಟರ್ ಅಂತರವನ್ನು ಪಾಲಿಸಿರಿ, ತಲೆದಿಂಬಿನ ಪಕ್ಕ ಇಡಬೇಡಿರಿ. ಕಿವಿಗೆ ಒತ್ತಿ ಹಿಡಿಯುವ ಮೊಬೈಲ್ ಫೋನಿನ ಲೆಕ್ಕ ಬೇರೆ. ಅದಕ್ಕೆ ನಮ್ಮಲ್ಲಿ ಅಲೆಯನ್ನು ಹೀರುವ ದೇಹಭಾಗದ ಕಿಲೋಗ್ರಾಮಿಗೆ 1.6 ವ್ಯಾಟ್ ಎಂಬ ಪ್ರತ್ಯೇಕ ಮಿತಿ ಇದೆ.

ಇನ್ನು ಹೆದರದೆ ಕೈಯಿಡುವ ಜಾಗಕ್ಕೆ ಬರುತ್ತೇನೆ. ಸಿಂದಗಿಯಲ್ಲಿ ನನ್ನ ಸೋದರಮಾವನವರದು ಗೊಬ್ಬರದ ಅಂಗಡಿ. ಹೋದ ವರ್ಷದ ಬೇಸಿಗೆಯಲ್ಲಿ ಅವರ ರೂಟರಿನ ಅಡಾಪ್ಟರ್ ಕೆಟ್ಟಿತು. ಪೇಟೆಯಲ್ಲಿ ನೂರೈವತ್ತು ರೂಪಾಯಿಗೆ ಪಿನ್ನು ಕೂಡುವ ಇನ್ನೊಂದನ್ನು ತಂದು ಚುಚ್ಚಿದರು, ರೂಟರ್ ಹತ್ತಿತು, ಎಲ್ಲರೂ ಸುಮ್ಮನಾದರು. ವಾರ ಕಳೆದ ಮೇಲೆ, ಅಂಗಡಿಯ ಹುಡುಗ ತಂತಿ ಸರಿಪಡಿಸಲು ಹೋಗಿ ರೂಟರಿನ ಹಿಂದಿನ ಲೋಹದ ತೂತಿಗೆ ಬೆರಳು ತಾಗಿಸಿದಾಗ, ಕೈ ಜುಮ್ಮೆಂದು ಹಿಂದಕ್ಕೆ ಸರಿಯಿತು. ನಾನು ಆ ಅಡಾಪ್ಟರನ್ನು ಪ್ರಯೋಗಾಲಯಕ್ಕೆ ತಂದು, ಸುಲಿದು ನೋಡಿದೆ. ಒಳ್ಳೆಯ ಅಡಾಪ್ಟರಿನಲ್ಲಿ 230 ವೋಲ್ಟ್ ಬರುವ ಭಾಗಕ್ಕೂ 12 ವೋಲ್ಟ್ ಹೊರಡುವ ಭಾಗಕ್ಕೂ ನಡುವೆ ಐದಾರು ಮಿಲಿಮೀಟರ್ ಖಾಲಿ ಜಾಗ ಬಿಟ್ಟಿರುತ್ತಾರೆ. ಕೆಲವೆಡೆ ಬಿಡಿಭಾಗಗಳನ್ನು ಬೆಸೆದಿರುವ ಸರ್ಕ್ಯೂಟ್ ಹಲಗೆಯನ್ನು ಸೀಳಿ ಸಂದು ಮಾಡಿರುತ್ತಾರೆ. ಇದರಲ್ಲಿ ಎರಡು ಭಾಗಗಳ ಬೆಸುಗೆಯ ಗುಳ್ಳೆಗಳು ಒಂದಕ್ಕೊಂದು ಮುಟ್ಟುವಷ್ಟು ಹತ್ತಿರ ಇದ್ದವು. ಫ್ಯೂಸ್ ಇರಬೇಕಾದ ಜಾಗದಲ್ಲಿ ಒಂದು ತಂತಿಯ ತುಂಡು. ಟ್ರಾನ್ಸ್‌ಫಾರ್ಮರಿನ ಮೇಲೆ ಸುತ್ತಿದ್ದ ಹಳದಿ ಪಟ್ಟಿ ಕಾದು ಕಂದು ಬಣ್ಣಕ್ಕೆ ತಿರುಗಿತ್ತು. ಬೆನ್ನ ಮೇಲೆ 2 ಆಂಪಿಯರ್ ಎಂದು ಅಚ್ಚಾಗಿತ್ತು. 1 ಆಂಪಿಯರ್ ಎಳೆದು ನೋಡಿದರೆ ಹತ್ತು ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿಯಾಯಿತು. ಆ ಹುಡುಗ ನೆಲದ ಮೇಲೆ ಬರಿಗಾಲಿನಲ್ಲಿ, ಒದ್ದೆ ಕೈಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಇಂಥದನ್ನು ತಡೆಯಲೆಂದೇ ಒಂದು ಕಾನೂನು ಇದೆ. 2012ರ ಆದೇಶವೊಂದರ ಮೂಲಕ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನದ ವಸ್ತುಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಶುರುವಾಯಿತು. ಮುಂದೆ ಅಡಾಪ್ಟರುಗಳೂ ಆ ಪಟ್ಟಿಗೆ ಸೇರಿದವು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ ನೋಂದಣಿಯಾದ ಅಡಾಪ್ಟರಿನ ಮೇಲೆ ಮಾನಕದ ಗುರುತು, ಐಎಸ್ 13252ರಂಥ ಮಾನಕ ಸಂಖ್ಯೆ, ಹಾಗೂ ಆರ್ ಎಂಬ ಇಂಗ್ಲಿಷ್ ಅಕ್ಷರದ ಮುಂದೆ 8 ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ಬ್ಯೂರೋದ ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು, ವಸ್ತುವಿನ ಹೆಸರು ತೋರುತ್ತವೆ. ಅವು ಕೈಯಲ್ಲಿರುವ ವಸ್ತುವಿಗೆ ಹೊಂದಬೇಕು. ಮಾವನವರ ಅಂಗಡಿಯ ಅಡಾಪ್ಟರಿನ ಮೇಲೆಯೂ ಗುರುತು ಇತ್ತು, ಸಂಖ್ಯೆಯೂ ಇತ್ತು. ಎಣಿಸಿದರೆ ಏಳೇ ಅಂಕಿ.

ಬಿಸಿಲಿನದೂ ಒಂದು ಮಾತು ಹೇಳಬೇಕು. ಮನೆಬಳಕೆಯ ಹೆಚ್ಚಿನ ರೂಟರುಗಳ ಕೈಪಿಡಿಯಲ್ಲಿ ಸುತ್ತಲಿನ ಉಷ್ಣತೆ 40 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ ಆ ಮಟ್ಟ ದಾಟುತ್ತದೆ. ಅಂಥದರಲ್ಲಿ ಮೂರು ಕಡೆ ಮುಚ್ಚಿದ ಮಾಡದೊಳಗೆ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ರೂಟರ್ ಮತ್ತು ಅದರ ಪಕ್ಕ ಲಿಥಿಯಂ ಬ್ಯಾಟರಿಯ ಸಣ್ಣ ಯುಪಿಎಸ್ ಇಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಬಟ್ಟೆ ತೆಗೆಯಿರಿ, ಪೆಟ್ಟಿಗೆಯನ್ನು ಮಾಡದಿಂದ ಹೊರಗೆ ಗೋಡೆಗೆ ತೂಗುಹಾಕಿರಿ. ಮಣ್ಣಿನ ದಪ್ಪ ಗೋಡೆ ಅಲೆಗಳನ್ನೂ ಹೀರುತ್ತದೆ, ಆದ್ದರಿಂದ ಸಿಗ್ನಲ್ ಸಹ ಸುಧಾರಿಸುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಅದೇ ದಿನ ಬಳಕೆ ನಿಲ್ಲಿಸಬೇಕು.

ಮುಂಗಾರಿನ ಮುಂಚಿನ ಸಿಡಿಲಿಗೂ ಇದೇ ಕಾಳಜಿ ಬೇಕು. ಗಾಜಿನ ಎಳೆಯ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ. ಆದರೆ ಮಾಳಿಗೆಯ ಮೇಲಿನ ಆಂಟೆನಾ ಕಂಬದಿಂದ ಕೆಳಗಿಳಿಸಿದ ತಾಮ್ರದ ಕೇಬಲ್ ಒಯ್ಯುತ್ತದೆ. ಕಂಬಕ್ಕೆ ಅರ್ಥಿಂಗ್ ಇರಲೇಬೇಕು. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ಸಡಿಲಾಗುವುದರಿಂದ, ಆ ಕುಣಿಗೆ ಆಗಾಗ ನೀರು ಹಾಕುವುದು ಇಲ್ಲಿ ಬಹಳ ಮುಖ್ಯ.

ಇಲ್ಲಿಯವರೆಗೆ ಹೇಳಿದ್ದು ಮನೆಯೊಳಗಿನವರ ಸುರಕ್ಷತೆ. ಅದೇ ಪೆಟ್ಟಿಗೆಗೆ ಹೊರಗಿನವರ ಬಗ್ಗೆಯೂ ಹೊಣೆ ಇದೆ, ಏಕೆಂದರೆ ಅದರ ಅಲೆ ನಮ್ಮ ಗೋಡೆಗೆ ನಿಲ್ಲುವುದಿಲ್ಲ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಲೈಸೆನ್ಸಿಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತ್ತು. ಆ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದ್ದು, ಅದರ ಕಲಮುಗಳು 2024ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಆಕಾಶದ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿತು. ಕೇಂದ್ರ ಸರಕಾರ ವೈಫೈ ಬಳಸುವ ಅಲೆಗಳ ಪೈಕಿ 2005ರಲ್ಲಿ 2.4 ಗಿಗಾಹರ್ಟ್ಸಿನ ಬ್ಯಾಂಡಿಗೆ, 2018ರಲ್ಲಿ 5 ಗಿಗಾಹರ್ಟ್ಸಿನ ಬ್ಯಾಂಡುಗಳಿಗೆ ಲೈಸೆನ್ಸಿನಿಂದ ವಿನಾಯಿತಿ ನೀಡಿತು. ವೈಫೈ ನಮ್ಮ ಮನೆಗೆ ಬಂದ ದಾರಿ ಇದು.

ಊರ ಗಾಯರಾಣವನ್ನು ನೆನೆಯಿರಿ. ಯಾರ ದನವಾದರೂ ಮೇಯಬಹುದು, ಆದರೆ ಯಾರೂ ಬೇಲಿ ಹಾಕುವಂತಿಲ್ಲ. ವಿನಾಯಿತಿಯ ನಿಯಮವೂ ಹಾಗೆಯೇ ಇದೆ: ಪರರಿಗೆ ಅಡಚಣೆ ಮಾಡಬಾರದು, ಪರರಿಂದ ಅಡಚಣೆಯಾದರೆ ರಕ್ಷಣೆ ಕೇಳುವಂತಿಲ್ಲ, ಹಂಚಿಕೊಂಡೇ ಬಳಸಬೇಕು. 2.4 ಗಿಗಾಹರ್ಟ್ಸಿನಲ್ಲಿ ಯಂತ್ರದ ಶಕ್ತಿ 1 ವ್ಯಾಟ್ ಮೀರಬಾರದು, ಆಂಟೆನಾ ಕೂಡಿಸಿದ ಬಳಿಕ ಒಂದು ದಿಕ್ಕಿನಲ್ಲಿ ಅದು 4 ವ್ಯಾಟಿಗೆ ಸಮನಾದ ಬಲ ಮೀರಬಾರದು. ಇದಕ್ಕೆ ಮೀರದ ಯಂತ್ರವೆಂದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ನೀಡುವ ಒಪ್ಪಿಗೆಗೆ ಇಟಿಎ ಎನ್ನುತ್ತಾರೆ. ಅದನ್ನು ಪಡೆಯುವ ಹೊಣೆ ತಯಾರಕರದು, ಆಮದುದಾರರದು. ನಾವು ಮಾಡಬೇಕಾದುದು, ವಿದೇಶದಿಂದ ಯಾರೋ ತಂದುಕೊಟ್ಟ ರೂಟರನ್ನು ಹಾಗೆಯೇ ಚಾಲೂ ಮಾಡದಿರುವುದು, ಮತ್ತು ಸೆಟ್ಟಿಂಗಿನಲ್ಲಿ ದೇಶ ಎಂಬಲ್ಲಿ ಭಾರತವನ್ನೇ ಆರಿಸುವುದು. ದೇಶದ ಹೆಸರು ಬದಲಿಸಿದರೆ ಸಿಗ್ನಲ್ ಹೆಚ್ಚುತ್ತದೆಂದು ಹುಡುಗರು ಪರಸ್ಪರ ಹೇಳಿಕೊಳ್ಳುತ್ತಾರೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಸುಕಿನಲ್ಲಿ ಒಬ್ಬರು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕೇಳುತ್ತದೆ. ರಜೆಯ ದಿನ ನೂರು ಮಂದಿ ಕೂಗುವಾಗ ಪಕ್ಕದವರ ಮಾತೂ ತಿಳಿಯುವುದಿಲ್ಲ. ಓಣಿಯ ಎಲ್ಲ ರೂಟರುಗಳೂ ದನಿ ಏರಿಸಿದರೆ ಆಗುವುದೂ ಅದೇ.

ಹೆಚ್ಚಿನ ಹಾನಿ ಮಾಡುವುದು ಮೊಬೈಲ್ ಬೂಸ್ಟರ್, ಅಂದರೆ ಕಟ್ಟಡದ ಹೊರಗೊಂದು ಒಳಗೊಂದು ಆಂಟೆನಾ ಇಟ್ಟು ಅವುಗಳ ನಡುವೆ ಸಿಗ್ನಲಿನ ಬಲ ಹೆಚ್ಚಿಸುವ ಯಂತ್ರ. ನೆಲಮಾಳಿಗೆಯ ಅಂಗಡಿ, ವಸತಿಗೃಹ, ಖಾಸಗಿ ಟ್ಯೂಷನ್ ಕಟ್ಟಡಗಳಲ್ಲಿ ಸಿಗ್ನಲ್ ಸಿಗದಾಗ ಇದನ್ನು ತರಿಸಿ ಹಚ್ಚುತ್ತಾರೆ. ಮದುವೆಯ ಕಾರ್ಯಾಲಯದಲ್ಲಿ ಮೈಕನ್ನು ಸ್ಪೀಕರಿನ ಎದುರು ಹಿಡಿದಾಗ ಕಿವಿ ಹರಿಯುವಂತೆ ಕಿರುಚುತ್ತದಲ್ಲವೇ, ಬೂಸ್ಟರಿನ ಒಳ ಹೊರ ಆಂಟೆನಾಗಳು ಹತ್ತಿರವಾದರೆ ಅದೂ ಹಾಗೆಯೇ ಕಿರುಚುತ್ತದೆ. ಆ ಕಿರುಚು ನಮಗೆ ಕೇಳುವುದಿಲ್ಲ, ಗೋಪುರಕ್ಕೆ ಕೇಳುತ್ತದೆ. ದೂರದ ಫೋನುಗಳಿಂದ ಬರುವ ಕ್ಷೀಣ ದನಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಆ ಫೋನುಗಳಲ್ಲೊಂದು 108 ಆಂಬುಲೆನ್ಸಿಗೆ ಕರೆ ಮಾಡುತ್ತಿರಬಹುದು. ಆದ್ದರಿಂದ ಅನುಮತಿಯಿಲ್ಲದೆ ಬೂಸ್ಟರ್ ಮಾರುವುದೂ ಹಚ್ಚುವುದೂ ಕಾನೂನಿಗೆ ವಿರುದ್ಧ; ಸಿಗ್ನಲ್ ತಡೆಯುವ ಜಾಮರ್ ಅಂತೂ ಖಾಸಗಿಯವರು ಇಟ್ಟುಕೊಳ್ಳುವಂತಿಲ್ಲ. ಸಿಗ್ನಲ್ ಬಾರದ ಕಟ್ಟಡಕ್ಕೆ ಮೊಬೈಲ್ ಕಂಪನಿಗೇ ದೂರು ಕೊಟ್ಟು ಅವರಿಂದಲೇ ಉಪಕರಣ ಹಾಕಿಸಬೇಕು, ಇಲ್ಲವೇ ಫೋನಿನಲ್ಲಿ ವೈಫೈ ಕರೆ ಎಂಬ ಸೌಲಭ್ಯವನ್ನು ತೆರೆದುಕೊಳ್ಳಬೇಕು.

ಕೊನೆಗೆ ಒಂದು ತೋಟದ ಪ್ರಸಂಗ. ಇಂಡಿ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಊರ ಮನೆಯಿಂದ ಮೂರು ಕಿಲೋಮೀಟರ್ ದೂರದ ಪಂಪ್‌ಹೌಸಿಗೆ ವೈಫೈ ಒಯ್ಯಲು ಎರಡೂ ಕಡೆ ಜಾಲರಿ ಡಿಶ್ ನಿಲ್ಲಿಸಿದ್ದರು. ಅಂಥ ಡಿಶ್ ಅಲೆಯನ್ನು ಒಂದೇ ದಿಕ್ಕಿಗೆ ಸುಮಾರು 250 ಪಟ್ಟು ಒಗ್ಗೂಡಿಸುತ್ತದೆ. 100 ಮಿಲಿವ್ಯಾಟಿನ ಯಂತ್ರಕ್ಕೆ ಜೋಡಿಸಿದಾಗ 25 ವ್ಯಾಟಿನ ಬಲ ಬರುತ್ತಿತ್ತು, ಅಂದರೆ 4 ವ್ಯಾಟಿನ ಮಿತಿಯ ಆರು ಪಟ್ಟು. ಯಂತ್ರಕ್ಕೆ ಒಪ್ಪಿಗೆ ಇತ್ತು, ಆದರೆ ಅದು ಪರೀಕ್ಷೆಯಾದದ್ದು ಬೇರೆ ಆಂಟೆನಾ ಜೊತೆಗೆ. ಲೆಕ್ಕ ಮಾಡಿ ಎರಡೂ ಕಡೆಯ ಶಕ್ತಿಯನ್ನು 16 ಮಿಲಿವ್ಯಾಟಿಗೆ ಇಳಿಸಿರೆಂದು ಹೇಳಿದೆ. ಇಷ್ಟು ಇಳಿಸಿದರೆ ಕೊಂಡಿ ಕಡಿದು ಹೋದೀತು ಎಂದು ಅವರು ಅನುಮಾನಿಸಿದರು. ಅವರ ಮಗ ಮಾಳಿಗೆಯ ಮೇಲೆ ನಿಂತು ಫೋನಿನಲ್ಲಿ ಶಕ್ತಿ ಇಳಿಸಿದ. ನಾವು ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಯಂತ್ರದ ದೀಪ ಆರಲಿಲ್ಲ. ಮೊಬೈಲಿನಿಂದ ಗುಂಡಿ ಒತ್ತಿದ ಕೂಡಲೇ ಮೋಟರ್ ಶುರುವಾಗಿ, ಹನಿ ನೀರಾವರಿಯ ಪೈಪುಗಳಲ್ಲಿ ನೀರು ಹರಿಯಿತು.

ನಮಸ್ಕಾರ.