ಪ್ರೋಟೀನ್ ಮಾಡದ ಆರ್‌ಎನ್‌ಎಗೆ ಹೃದಯದಲ್ಲೇನು ಕೆಲಸ?

[ತೆರೆಯ ಮೇಲೆ: ಬಡಿಯುತ್ತಿರುವ ಹೃದಯ. ನಿಧಾನಕ್ಕೆ ಅದರ ಗೋಡೆ ದಪ್ಪಗಾಗುತ್ತದೆ.]

ನಮಸ್ಕಾರ. ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಬಿಪಿ ಜಾಸ್ತಿ ಇದ್ದರೆ ಪ್ರತಿ ಬಡಿತಕ್ಕೂ ಅದು ಇನ್ನಷ್ಟು ಬಲ ಹಾಕಬೇಕು. ಹೊಸ ಸ್ನಾಯುಕೋಶ ಹುಟ್ಟಿಸಿಕೊಳ್ಳೋಣ ಅಂದರೆ, ದೊಡ್ಡವರ ಹೃದಯಕ್ಕೆ ಆ ಶಕ್ತಿ ತುಂಬಾ ಕಡಿಮೆ. ಹಾಗಾಗಿ ಇರುವ ಕೋಶಗಳೇ ದಪ್ಪಗಾಗುತ್ತವೆ. ಇದೇ ಹೈಪರ್‌ಟ್ರೋಫಿ. ವರ್ಷಗಟ್ಟಲೆ ಹೀಗೇ ನಡೆದರೆ ಕೋಶಗಳ ನಡುವೆ ನಾರು ತುಂಬಿಕೊಳ್ಳುತ್ತದೆ, ಗೋಡೆ ಬಿರುಸಾಗುತ್ತದೆ, ಕೊನೆಗೆ ಹೃದಯ ಸೋಲುತ್ತದೆ.

'ದಪ್ಪಗಾಗು' ಅಂತ ಕೋಶಕ್ಕೆ ಹೇಳುವವರು ಯಾರು?

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ಶಾಲೆಯಲ್ಲಿ ಕಲಿತದ್ದು ಇಷ್ಟೇ ಅಲ್ವಾ? ಆದರೆ ನಮ್ಮ ಡಿಎನ್‌ಎಯಲ್ಲಿ ಪ್ರೋಟೀನಿನ ಸೂಚನೆ ಇರುವುದು ನೂರಕ್ಕೆ 2 ಭಾಗಕ್ಕಿಂತಲೂ ಕಡಿಮೆ. ಉಳಿದದ್ದನ್ನು ಒಂದು ಕಾಲದಲ್ಲಿ 'ಕಸ' ಅಂದುಬಿಟ್ಟಿದ್ದರು. ಅಲ್ಲಿಂದಲೂ ಆರ್‌ಎನ್‌ಎ ಹುಟ್ಟುತ್ತದೆ, ಅದರಿಂದ ಪ್ರೋಟೀನ್ ಮಾತ್ರ ಆಗುವುದಿಲ್ಲ. ಇದೇ ನಾನ್‌ಕೋಡಿಂಗ್ ಆರ್‌ಎನ್‌ಎ.

[ತೆರೆಯ ಮೇಲೆ: ಉದ್ದನೆಯ ಎಳೆ, ಅದಕ್ಕೆ ಅಂಟಿಕೊಳ್ಳುವ ಚಿಕ್ಕ ತುಣುಕು.]

ಇವುಗಳಲ್ಲಿ ಪುಟ್ಟದು ಮೈಕ್ರೋಆರ್‌ಎನ್‌ಎ. ಬರೀ 22 ಅಕ್ಷರ, ಅಂದರೆ ಆರ್‌ಎನ್‌ಎ ಎಳೆಯ 22 ಕೊಂಡಿಗಳಷ್ಟು ಉದ್ದ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಇದನ್ನು ಒಂದು ಸಣ್ಣ ಹುಳದಲ್ಲಿ ತೋರಿಸಿಕೊಟ್ಟರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪ್ರೋಟೀನ್ ಮಾಡಲು ಹೊರಟ ಆರ್‌ಎನ್‌ಎಗೆ ಹೋಗಿ ಅಂಟಿಕೊಂಡು ತಡೆಯುವುದು ಇದರ ಕೆಲಸ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ.

ಹೃದಯ ಹಿಂಡಿಕೊಳ್ಳುವುದು ಮಯೋಸಿನ್ ಎಂಬ ಪ್ರೋಟೀನಿನ ಬಲದಿಂದ. ಅದರಲ್ಲಿ ಎರಡು ಬಗೆ. ಆಲ್ಫಾ ಚುರುಕು, ಬೀಟಾ ನಿಧಾನ. ಆಲ್ಫಾ ಮಯೋಸಿನ್ನಿನ ಜೀನ್ ಒಳಗೇ, ಪ್ರೋಟೀನ್ ಮಾಡುವ ಮುಂಚೆ ಆರ್‌ಎನ್‌ಎಯಿಂದ ಕತ್ತರಿಸಿ ಬಿಸಾಡುವ ಭಾಗದಲ್ಲಿ, ಒಂದು ಮೈಕ್ರೋಆರ್‌ಎನ್‌ಎ ಕೂತಿದೆ. ಹೆಸರು ಮಿರ್-208ಎ. 2007ರಲ್ಲಿ ಎವಾ ವಾನ್ ರೂಯಿ, ಎರಿಕ್ ಓಲ್ಸನ್ ತಂಡ ಇಲಿಗಳಲ್ಲಿ ಇದನ್ನು ತೆಗೆದುಹಾಕಿತು. ಆಮೇಲೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಬಿಗಿದು ಒತ್ತಡ ಏರಿಸಿತು. ಮಾಮೂಲಿ ಇಲಿಗಳ ಹೃದಯ ದಪ್ಪಗಾಯಿತು, ನಾರು ಬೆಳೆಯಿತು, ಬೀಟಾ ಮಯೋಸಿನ್ ಏರಿತು. ಮಿರ್-208ಎ ಇಲ್ಲದ ಇಲಿಗಳಲ್ಲಿ ಇದ್ಯಾವುದೂ ಹೆಚ್ಚಾಗಿ ಆಗಲಿಲ್ಲ. ಸ್ವಲ್ಪ ನಿಂತು ಯೋಚಿಸಿ. ಹಿಂಡುವ ಯಂತ್ರದ ಜೀನೇ ಆ ಯಂತ್ರವನ್ನು ಬದಲಿಸುವ ಸ್ವಿಚ್ಚನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದೆ!

ಮಿರ್-133ರ ಕಥೆ ಉಲ್ಟಾ. ಅದು ಬ್ರೇಕ್. ದಪ್ಪಗಾದ ಹೃದಯದಲ್ಲಿ ಅದು ಕಡಿಮೆಯಾಗಿರುತ್ತದೆ.

ಇನ್ನು ಉದ್ದನೆಯ ಬಗೆಗಳೂ ಇವೆ. ಡಿಎನ್‌ಎಯ ಎರಡು ಎಳೆಗಳಲ್ಲಿ ಬೀಟಾ ಮಯೋಸಿನ್ ಜೀನಿನ ಎದುರು ಎಳೆಯಿಂದ ಹುಟ್ಟುವ 'ಮೈಹಾರ್ಟ್' ಅವುಗಳಲ್ಲೊಂದು. ಡಿಎನ್‌ಎ ಸುತ್ತಿಕೊಂಡಿರುವ ರೀತಿ ಬದಲಿಸಿ ಹೃದಯವನ್ನು ದಪ್ಪಗಾಗುವತ್ತ ತಳ್ಳುವ ಬಿಆರ್‌ಜಿ1 ಎಂಬ ಪ್ರೋಟೀನನ್ನು ಇದು ಹಿಡಿದು ಕೂರಿಸುತ್ತದೆ. ಒತ್ತಡ ಏರಿದಾಗ ಮೈಹಾರ್ಟ್ ಕುಸಿಯುತ್ತದೆ. 2014ರ ಅಧ್ಯಯನದಲ್ಲಿ ಅದನ್ನು ಮತ್ತೆ ತುಂಬಿಸಿದಾಗ ಇಲಿಯ ಹೃದಯಕ್ಕೆ ರಕ್ಷಣೆ ಸಿಕ್ಕಿತು.

ಹಾಗಾದರೆ ಔಷಧಿ ಸಿದ್ಧವೇ? ಅವಸರ ಬೇಡ. 2008ರಲ್ಲಿ ಮಿರ್-21 ತಡೆದರೆ ಇಲಿಯ ಹೃದಯದಲ್ಲಿ ನಾರು ಕಡಿಮೆಯಾಗುತ್ತದೆ ಅಂತ ಒಂದು ತಂಡ ಹೇಳಿತು. 2010ರಲ್ಲಿ ಇನ್ನೊಂದು ತಂಡ ಮಿರ್-21 ಇಲ್ಲದ ಇಲಿಗಳನ್ನೇ ಪರೀಕ್ಷಿಸಿತು. ಒತ್ತಡ ಕೊಟ್ಟಾಗ ಅವುಗಳ ಹೃದಯವೂ ದಪ್ಪಗಾಯಿತು, ನಾರೂ ಬೆಳೆಯಿತು. ಒಂದೇ ಪ್ರಯೋಗ ನೋಡಿ ರೋಗಿಗಳಿಗೆ ಆಸೆ ಹುಟ್ಟಿಸುವುದು ಸರಿಯಲ್ಲ ಅಂತ ನಾನು ಹೇಳುವುದು ಇದಕ್ಕೇ.

ಮನುಷ್ಯರವರೆಗೆ ಬಂದದ್ದು ಮಿರ್-132 ತಡೆಯುವ ಔಷಧಿ. ಹೃದಯ ವೈಫಲ್ಯ ಇದ್ದ 28 ಜನರಲ್ಲಿ ನಡೆದ ಮೊದಲ ಪರೀಕ್ಷೆಯ ವರದಿ 2021ರಲ್ಲಿ ಬಂತು. ಅವರು ಅದನ್ನು ತಾಳಿಕೊಂಡರು. ಆದರೆ 28 ಜನ ಅಂದರೆ ಸುರಕ್ಷತೆ ನೋಡಲು ಸಾಕು, ಗುಣವಾಗುತ್ತದೆ ಅನ್ನಲು ಸಾಲದು. ಮೇಲಾಗಿ ಇಂಥ ಔಷಧಿ ರಕ್ತಕ್ಕೆ ಸೇರಿದ ಮೇಲೆ ಹೆಚ್ಚಿನ ಪಾಲು ಲಿವರ್ ಮತ್ತು ಕಿಡ್ನಿಗೆ ಹೋಗಿ ಕೂರುತ್ತದೆ. ಹೃದಯಕ್ಕೆ ಸಿಗುವುದು ಉಳಿದ ಚೂರುಪಾರು.