ಬರವಣಿಗೆಗೂ ಮೊದಲು ಮಣ್ಣಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಬರವಣಿಗೆ ಹೇಗೆ ಹುಟ್ಟಿತು ಅಂತ ಶಾಲೆಯ ಮಕ್ಕಳನ್ನು ಕೇಳಿ. ಮನುಷ್ಯ ಮೊದಲು ಚಿತ್ರ ಬರೆದ, ಚಿತ್ರ ಸವೆದು ಅಕ್ಷರವಾಯಿತು ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಮೇಷ್ಟ್ರು ಹಾಗೇ ಹೇಳಿಕೊಟ್ಟಿರುತ್ತಾರೆ. ಈ ಕಾರ್ಯಕ್ರಮ ಕೇಳುತ್ತಿರುವ ಮೇಷ್ಟ್ರುಗಳಲ್ಲಿ ನನ್ನದೊಂದು ಬಿನ್ನಹ: ದಯವಿಟ್ಟು ಅದನ್ನು ಬಿಡಿ. ಇರಾಕ್, ಇರಾನ್, ಸಿರಿಯಾದ ಹಳೆಯ ದಿಬ್ಬಗಳಲ್ಲಿ ಸಿಕ್ಕಿರುವ ವಸ್ತುಗಳು ಬೇರೆಯದನ್ನೇ ಹೇಳುತ್ತವೆ. ಅಲ್ಲಿ ಮೊದಲು ಬಂದದ್ದು ಲೆಕ್ಕ.

ಸುಮಾರು ಕ್ರಿ.ಪೂ. 8000ದಿಂದ, ಅಂದರೆ ಬೇಸಾಯ ಶುರುವಾದ ಕಾಲದಿಂದ, ಆ ಊರುಗಳಲ್ಲಿ ಚಿಕ್ಕ ಚಿಕ್ಕ ಮಣ್ಣಿನ ಕಾಯಿಗಳು ಸಿಗುತ್ತವೆ. ಗಾತ್ರ ಒಂದರಿಂದ ಮೂರು ಸೆಂಟಿಮೀಟರ್. ಶಂಕು, ಗುಂಡು, ಬಿಲ್ಲೆ, ಉರುಳೆ, ಮೊಟ್ಟೆ, ಹೀಗೆ ನಾಲ್ಕಾರು ಆಕಾರ. ಜೇಡಿಮಣ್ಣನ್ನು ಅಂಗೈಯಲ್ಲಿ ಹೊರಳಿಸಿ, ಬೆರಳಲ್ಲಿ ಚಿವುಟಿದರೆ ಆಯಿತು, ಅದಕ್ಕೆ ಕಸುಬುದಾರ ಬೇಕಿಲ್ಲ. ಉತ್ಖನನ ಮಾಡಿದವರು ಬಹಳ ಕಾಲ ಇವನ್ನು ಆಟದ ಸಾಮಾನು, ತಾಯಿತ ಅಂತ ಪಟ್ಟಿ ಮಾಡಿ ಪೆಟ್ಟಿಗೆಗೆ ಹಾಕುತ್ತಿದ್ದರು. 1969ರಲ್ಲಿ ಡೆನಿಸ್ ಷ್ಮಾಂಟ್-ಬೆಸೆರಾಟ್ ಅನ್ನುವ ವಿದುಷಿ ಹಳೆಯ ಕಾಲದ ಜನ ಜೇಡಿಮಣ್ಣನ್ನು ಹೇಗೆ ಬಳಸುತ್ತಿದ್ದರು ಅಂತ ಹುಡುಕಲು ಹೊರಟರು. ಇಟ್ಟಿಗೆ, ಮಡಕೆ ನೋಡಲು ಹೋದವರಿಗೆ ಎಲ್ಲ ವಸ್ತುಸಂಗ್ರಹಾಲಯಗಳಲ್ಲೂ ಇವೇ ಕಾಯಿಗಳು ಕಂಡವು. ಅವರು ಓದಿದ ಪ್ರಕಾರ ಶಂಕು ಅಂದರೆ ಧಾನ್ಯದ ಚಿಕ್ಕ ಅಳತೆ, ಗುಂಡು ಅಂದರೆ ದೊಡ್ಡ ಅಳತೆ. ನಮ್ಮಲ್ಲಿ ಪಾವು, ಸೇರು ಇದ್ದ ಹಾಗೆ ಅಂದುಕೊಳ್ಳಿ. ಮೊಟ್ಟೆಯಾಕಾರದ್ದು ಒಂದು ಜಾಡಿ ಎಣ್ಣೆ. ಗಮನಿಸಿ, ಶಂಕು ಧಾನ್ಯದ ಚಿತ್ರ ಅಲ್ಲವೇ ಅಲ್ಲ. ಅದು ಲೆಕ್ಕದ ಕಾಯಿ.

ಇಷ್ಟು ಗಟ್ಟಿಯಾಗಿ ಹೇಳಲು ಆಧಾರ ಏನು ಅಂತ ನೀವು ಕೇಳಬೇಕು. ಅದಕ್ಕೆ ನೂಜಿಯ ಕಥೆ ಹೇಳಲೇಬೇಕು.

ನೂಜಿ ಇರುವುದು ಉತ್ತರ ಇರಾಕಿನ ಕಿರ್ಕುಕ್ ಹತ್ತಿರ. 1920ರ ದಶಕದ ಕೊನೆಯಲ್ಲಿ ಅಮೆರಿಕದವರು ಅಲ್ಲಿ ಅಗೆಯುತ್ತಿದ್ದಾಗ ಕೋಳಿಮೊಟ್ಟೆಯ ಆಕಾರದ, ಒಳಗೆ ಟೊಳ್ಳಾದ ಒಂದು ಮಣ್ಣಿನ ವಸ್ತು ಸಿಕ್ಕಿತು. ಹೊರಮೈ ಮೇಲೆ ಬೆಣೆಲಿಪಿಯ, ಅಂದರೆ ಹಸಿ ಮಣ್ಣಿನಲ್ಲಿ ಬೆಣೆಯಾಕಾರದ ಗುರುತು ಒತ್ತಿ ಬರೆಯುವ ಲಿಪಿಯ, ಬರಹ: ಮರಿ ಹಾಕುವ ಕುರಿ 21, ಹೆಣ್ಣು ಮರಿ 6, ಬೆಳೆದ ಟಗರು 8, ಗಂಡು ಮರಿ 4, ಆಮೇಲೆ ಆಡುಗಳು. ಕೊನೆಗೆ ಕುರಿಗಾಹಿ ಜಿಕರ‍್ರುವಿನ ಮುದ್ರೆ. ಒಡೆದು ನೋಡಿದರೆ ಒಳಗೆ ಪುಟ್ಟ ಪುಟ್ಟ ಕಲ್ಲುಗಳು, ತಲೆಗೊಂದರಂತೆ! ಕುರಿಗಳ ಒಡೆಯ ಪುಹಿಶೆನ್ನಿ. ಅದೇ ಮಂದೆಯ ಪಟ್ಟಿ ಇರುವ ಇನ್ನೊಂದು ಮಣ್ಣಿನ ಹಲಗೆಯೂ ಅವನ ಮನೆತನದ ಕಡತಗಳಲ್ಲಿ ಸಿಕ್ಕಿತು. ಹಾಗಾದರೆ ಕಲ್ಲು ಯಾಕೆ? ಕುರಿಗಾಹಿಗೆ ಓದು ಬರುವುದಿಲ್ಲ, ಕಲ್ಲು ಮಾತ್ರ ಯಾರಿಗಾದರೂ ಅರ್ಥವಾಗುತ್ತದೆ. ಇದು ಕ್ರಿ.ಪೂ. 15ನೆಯ ಶತಮಾನದ ಆಸುಪಾಸಿನದು. ಬರವಣಿಗೆ ಬಂದು ಒಂದೂವರೆ ಸಾವಿರ ವರ್ಷ ಕಳೆದಿದ್ದರೂ ಕಾಯಿ ಎಣಿಸುವುದು ನಿಂತಿರಲಿಲ್ಲ.

ಇನ್ನೂ ಇದೆ ಕೇಳಿ. ಅದೇ ಉತ್ಖನನ ಶಿಬಿರದ ಆಳೊಬ್ಬನನ್ನು ಕೋಳಿ ತರಲು ಸಂತೆಗೆ ಕಳಿಸಿದ್ದರು. ಅವನು ತಂದ ಕೋಳಿಗಳನ್ನು ಯಾರೋ ಎಣಿಸದೆ ಹಳೆಯ ಕೋಳಿಗಳ ಜೊತೆ ಬಿಟ್ಟುಬಿಟ್ಟರು. ಹೊಸದೆಷ್ಟು, ಹಳೆಯದೆಷ್ಟು? ದುಡ್ಡು ಎಷ್ಟು ಕೊಡುವುದು? ಆಳಿಗೆ ಎಣಿಸಲು ಬಾರದು. ಆದರೆ ಕೊಂಡ ಪ್ರತಿ ಕೋಳಿಗೂ ಒಂದೊಂದು ಹರಳು ತೆಗೆದಿಟ್ಟಿದ್ದ. ಅದನ್ನು ಮುಂದೆ ಇಟ್ಟ, ದುಡ್ಡು ಪಡೆದ. ಜಿಕರ‍್ರು ಕುರಿ ಕಾದ ನೆಲದಲ್ಲೇ, ಅವನದೇ ವಿದ್ಯೆ! ನೂಜಿಯ ಆ ಮಣ್ಣಿನ ಮೊಟ್ಟೆಯ ವಿಷಯವನ್ನು 1959ರಲ್ಲಿ ಓಪನ್‌ಹೈಮ್ ಅನ್ನುವ ಪಂಡಿತರು ಬಿಡಿಸಿ ಬರೆದರು. ಅದನ್ನು ಓದಿದ್ದ ಫ್ರೆಂಚ್ ವಿದ್ವಾಂಸ ಪಿಯರ್ ಅಮಿಯೆ 1966ರಲ್ಲಿ, ಇರಾನಿನ ಸೂಸಾದ ಮಣ್ಣುಂಡೆಗಳೂ ಇಂಥವೇ ಇರಬೇಕು ಅಂದರು.

ಆ ಉಂಡೆಗಳು ಇನ್ನೂ ಹಳೆಯವು, ಕ್ರಿ.ಪೂ. 3500ರ ಸುಮಾರಿನವು. ಇರಾಕಿನ ಉರುಕ್, ಇರಾನಿನ ಸೂಸಾ ಮತ್ತು ಚೋಘಾ ಮಿಶ್, ಸಿರಿಯಾದ ಹಬೂಬಾ ಕಬೀರಾಗಳಲ್ಲಿ ಸಿಕ್ಕಿವೆ. ಮಾಡುವ ವಿಧಾನ ಹೀಗೆ: ಹಸಿ ಮಣ್ಣಿನ ಉಂಡೆಗೆ ಹೆಬ್ಬೆರಳು ಒತ್ತಿ ಟೊಳ್ಳು ಮಾಡಬೇಕು. ವ್ಯವಹಾರಕ್ಕೆ ಸೇರಿದ ಕಾಯಿಗಳನ್ನು ಒಳಗೆ ಹಾಕಿ, ಬಾಯಿಗೆ ಮಣ್ಣು ಮೆತ್ತಬೇಕು. ಒಣಗುವ ಮೊದಲೇ ಉರುಳು ಮುದ್ರೆಯನ್ನು, ಅಂದರೆ ಕೆತ್ತನೆ ಇರುವ ಪುಟ್ಟ ಉರುಳೆಯನ್ನು, ಮೈಯೆಲ್ಲ ಹೊರಳಿಸಬೇಕು. ಮುದ್ರೆ ಇಲ್ಲದ ಒಂದಂಗುಲ ಜಾಗ ಉಳಿದರೂ ಅಲ್ಲಿ ತೂತು ಮಾಡಿ ಕಾಯಿ ಕದಿಯಬಹುದು, ಅದಕ್ಕೇ ಮೈಯೆಲ್ಲ ಮುದ್ರೆ. ಮಣ್ಣು ಒಣಗಿದ ಮೇಲೆ ಮುದ್ರೆ ಕೂರುವುದಿಲ್ಲ.

ತೊಡಕು ಒಂದೇ: ಒಳಗೆ ಎಷ್ಟಿದೆ ಅಂತ ನೋಡಲು ಉಂಡೆ ಒಡೆಯಬೇಕು. ಒಡೆದರೆ ಮುದ್ರೆ ಹೋಯಿತು, ಕರಾರೂ ಹೋಯಿತು. ಈಗಿನವರು ಚೋಘಾ ಮಿಶ್‌ನ ಉಂಡೆಗಳನ್ನು ಒಡೆಯದೆ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದ್ದಾರೆ. ಆಗಿನವರು ಏನು ಮಾಡಬೇಕು? ಕೆಲವರು ಕಾಯಿಗಳನ್ನು ಒಳಗೆ ಹಾಕುವ ಮುಂಚೆ ಹಸಿ ಹೊರಮೈಗೆ ಒತ್ತಿದರು. ಆರು ಕಾಯಿ ಒಳಗೆ, ಆರು ಗುರುತು ಹೊರಗೆ. ಗುರುತು ಹೊರಗೇ ಕಾಣುತ್ತಿದ್ದರೆ ಒಳಗಿನ ಕಾಯಿ ಯಾಕೆ? ಟೊಳ್ಳು ಯಾಕೆ? ಘನವಾದ ಹಲಗೆ ಸಾಕು. ಇಲ್ಲಿಯವರೆಗೂ ಚಿತ್ರದ ಮಾತೇ ಬಂದಿಲ್ಲ, ನೋಡಿ. ಎಲ್ಲವೂ ಲೆಕ್ಕ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾಯಿಗಳ ಕಾಲದಲ್ಲಿ 33 ಜಾಡಿ ಎಣ್ಣೆಗೆ 33 ಕಾಯಿ ಬೇಕಿತ್ತು. ಕ್ರಿ.ಪೂ. 3300ರಿಂದ ಈಚೆಗೆ ಉರುಕ್‌ನ ಲೆಕ್ಕಿಗರು ಎಣ್ಣೆಜಾಡಿಯ ಗುರುತನ್ನು ಒಮ್ಮೆ ಮಾತ್ರ ಗೀರಿ, ಪಕ್ಕದಲ್ಲಿ ಮೂರು ವೃತ್ತ, ಮೂರು ಶಂಕುಗುರುತು ಒತ್ತಿದರು: ಮೂರು ಹತ್ತು, ಮೂರು ಒಂದು. ಎಷ್ಟು ಅನ್ನುವುದು ಬೇರೆ, ಏನು ಅನ್ನುವುದು ಬೇರೆ ಆಯಿತು. ಪೂರ್ತಿ ಬೇರೆಯಾಗಲಿಲ್ಲ ಅನ್ನಿ. ಧಾನ್ಯ ಅಳೆಯುವಾಗ ಅದೇ ವೃತ್ತ ಹತ್ತಲ್ಲ, ಆರು ಶಂಕುಗಳಿಗೆ ಸಮ. ಲೆಕ್ಕಿಗನಿಗೆ ಯಾವ ಸರಕು ಅಂತ ಗೊತ್ತಿರದಿದ್ದರೆ ಮೊತ್ತ ತಪ್ಪುತ್ತಿತ್ತು.

ಆ ಕಾಲದ ಸುಮಾರು 5000 ಹಲಗೆಗಳು ಸಿಕ್ಕಿವೆ. ಕಥೆ, ಕವಿತೆ, ದೇವರ ಸ್ತುತಿ ಹುಡುಕಿದರೆ ನಿರಾಸೆಯೇ. ಲಿಪಿಕಾರರು ಕಲಿಯಲು ಬರೆದ ಪದಗಳ ಪಟ್ಟಿ ಬಿಟ್ಟರೆ ಮಿಕ್ಕವೆಲ್ಲ ಬಾರ್ಲಿ, ಕುರಿ, ಬಿಯರ್, ಕೂಲಿಯ ಲೆಕ್ಕ. ಮಾತಿನ ಸದ್ದು ಹಿಡಿಯುವ ಗುರುತು ಬಂದದ್ದೂ ಲೆಕ್ಕದಿಂದಲೇ. ಸರಕಿಗೆ ಗುರುತಿತ್ತು, ಸರಕು ಒಯ್ದವನ ಹೆಸರಿಗೆ ಇರಲಿಲ್ಲ. ಆಗಿನ ದಕ್ಷಿಣ ಇರಾಕಿನ ಸುಮೇರಿಯನ್ ಭಾಷೆಯಲ್ಲಿ ಬಾಣಕ್ಕೆ ‘ತಿ’, ಜೀವಕ್ಕೂ ‘ತಿ’. ಬಾಣದ ಗುರುತು ಹಾಕಿ ಜೀವ ಅಂತ ಓದುವುದನ್ನು ಅವರು ಕಲಿತರು, ಹೆಸರುಗಳನ್ನು ಬರೆಯಲು ಅದೇ ಉಪಾಯ ಹೂಡಿದರು. ಯಾರ ಹೆಸರಿನಲ್ಲಿ ಎಷ್ಟು ಬಾಕಿ ಅಂತ ಹಲಗೆಯೇ ಹೇಳತೊಡಗಿತು.

ನಮಸ್ಕಾರ.