ಹೊನ್ನೆಯ ಕೆಂಪು ಅಂಟು, ಹೊನ್ನೆಯ ಲೋಟ

ಕೇಳುಗರಿಗೆ ನಮಸ್ಕಾರ.

ಹೊನ್ನೆ ಮರದ ತೊಗಟೆಗೆ ಕತ್ತಿಯ ಏಟು ಬಿದ್ದರೆ ಕೆಂಪು ರಸ ಒಸರುತ್ತದೆ. ಮೊದಲ ಸಲ ಕಂಡವರು ರಕ್ತವೆಂದೇ ಬೆಚ್ಚುತ್ತಾರೆ. ಬಿಸಿಲಿಗೆ ಒಣಗಿದಂತೆ ಅದು ಕಪ್ಪುಗೆಂಪಿನ ಹರಳಾಗುತ್ತದೆ. ಬಾಯಿಗಿಟ್ಟರೆ ನಾಲಗೆ ಹಿಡಿಯುವಂಥ ಒಗರು, ಉಗುಳೆಲ್ಲ ಕೆಂಪು. ಟ್ಯಾನಿನ್ ತುಂಬಿದ ಈ ಒಗರಿನಿಂದಲೇ ಭೇದಿಗೆ, ಹಲ್ಲುನೋವಿಗೆ ಇದು ಮದ್ದಾಯಿತು. ಮಲಬಾರ್ ಕರಾವಳಿಯಿಂದ ಹಡಗೇರಿ, ‘ಕೀನೋ’ ಎಂಬ ಹೆಸರಿನಲ್ಲಿ ಯುರೋಪಿನ ಔಷಧದಂಗಡಿಗಳನ್ನೂ ಸೇರಿತು.

ಒಂದು ಎಚ್ಚರಿಕೆ. ಬೀಜದಿಂದ ಎಣ್ಣೆ ತೆಗೆಯುವ ಸುರಹೊನ್ನೆಯನ್ನೂ ಹಲವರು ಹೊನ್ನೆ ಎಂದೇ ಕರೆಯುತ್ತಾರೆ. ಅದು ಬೇರೆ ಮರ. ನಾನು ಹೇಳುತ್ತಿರುವುದು ರಕ್ತಚಂದನದ ಹತ್ತಿರದ ಬಂಧುವಾದ, ಸಂಸ್ಕೃತದಲ್ಲಿ ಅಸನ, ಹಿಂದಿಯಲ್ಲಿ ವಿಜಯಸಾರ ಎನಿಸಿಕೊಂಡ ಹೊನ್ನೆಯನ್ನು. ವಾಗ್ಭಟನ ಆಯುರ್ವೇದ ಗ್ರಂಥ ‘ಅಷ್ಟಾಂಗಹೃದಯ’ದಲ್ಲಿ ಔಷಧಗಳ ಒಂದು ಗಣಕ್ಕೆ ಅಸನಾದಿ ಎಂಬ ಹೆಸರೇ ಇದರಿಂದ ಬಂದಿದೆ.

ಇನ್ನು ಇದರ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಮರ. ಅದರಲ್ಲಿ ಕಡೆದ ಲೋಟಕ್ಕೆ ರಾತ್ರಿ ನೀರು ತುಂಬಿಟ್ಟು, ಬೆಳಿಗ್ಗೆ ಆ ನೀರನ್ನು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯಿರಿ. ಹೊಂಬಣ್ಣದ ನೀರಿನ ಅಂಚಿನಲ್ಲಿ ನೀಲಿ ಹೊಳಪು ಆಡುತ್ತದೆ. ಎಷ್ಟು ನೋಡಿದರೂ ನನಗೆ ಈ ನೀಲಿಯ ಬೆರಗು ತೀರಿಲ್ಲ! ಮಧುಮೇಹಿಗಳು ಬರಿಹೊಟ್ಟೆಯಲ್ಲಿ ಕುಡಿಯುವುದು ಈ ನೀರನ್ನೇ.

ಗುಣವಿದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರಗಳು ಹೊಸದಾಗಿ ಮಧುಮೇಹ ಪತ್ತೆಯಾದವರ ಮೇಲೆ ವಿಜಯಸಾರವನ್ನು ಪರೀಕ್ಷಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದವು. ಹನ್ನೆರಡು ವಾರಗಳಲ್ಲಿ 97 ಜನರ ಪೈಕಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತ್ತು. ಭರವಸೆಯ ಮಾತೇ ಸರಿ. ಆದರೆ ಅವರಿಗೆ ಕೊಟ್ಟದ್ದು ಅಳೆದ ಪ್ರಮಾಣದ ಔಷಧ, ಅದೂ ವೈದ್ಯರ ಕಣ್ಗಾವಲಿನಲ್ಲಿ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಲೋಟದ ನೀರಿಗಾದರೋ ಅಳತೆಯೇ ಇಲ್ಲ. ಇಂದಿನ ಕಡುಬಣ್ಣ ಮುಂದಿನ ತಿಂಗಳಿಗೆ ತೆಳುವಾಗಿರುತ್ತದೆ.

ಆದ್ದರಿಂದ ಮಧುಮೇಹವಿರುವ ಹಿರಿಯರಲ್ಲಿ ನನ್ನದೊಂದು ಬೇಡಿಕೆ: ಲೋಟ ಮನೆಗೆ ಬಂದಿತೆಂದು ಮಾತ್ರೆ, ಇನ್ಸುಲಿನ್ ಬಿಡಬೇಡಿ. ಲೋಟದ ನೀರೂ ಔಷಧವೂ ಸೇರಿ ಸಕ್ಕರೆ ತೀರಾ ಕೆಳಗಿಳಿದರೆ ಬೆವರು, ನಡುಕ, ತಲೆಸುತ್ತು ಬಂದೀತು. ಈ ನೀರು ಕುಡಿಯುತ್ತಿದ್ದರೆ ನಿಮ್ಮ ವೈದ್ಯರಿಗೆ ಮುಚ್ಚಿಡದೆ ಹೇಳಿ, ರಕ್ತಪರೀಕ್ಷೆ ಮಾಡಿಸುತ್ತಿರಿ.

ನಮಸ್ಕಾರ.